ಇಲ್ಲಿ ಬೋರಮ್ಮ

ಮಾರೇನಹಳ್ಳಿ, ವಿಜಯನಗರ
9 ಜೂನ್ 2025

ಬಸವಲಿಂಗಪ್ಪ ಸಾರ್ ಅವರಿಗೆ ಬೋರಮ್ಮನ ನಮಸ್ಕಾರಗಳು.

ಆ ಕಥೆಯನ್ನು ನಮಗೆ ಮೊದಲು ಹೇಳಿದವರು ನೀವೇ. ಎಂಬತ್ತೇಳನೆಯ ಇಸವಿ, ಶ್ರಾವಣ ಮಾಸ, ಒಂದು ಬುಧವಾರ, ಬಿನ್ನಿಪೇಟೆ ಮಿಲ್ಲಿನ ಕ್ಯಾಂಟೀನಿನಲ್ಲಿ, ಊಟದ ಬಿಡುವಿನ ಹೊತ್ತು. ನೀವು ವೆಲ್ಫೇರ್ ಆಫೀಸಿನ ಗುಮಾಸ್ತರು, ದಾವಣಗೆರೆ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಷರಟು. ನಾವು ನೂಲು ಸುತ್ತುವ ವಿಭಾಗದ ಹೆಂಗಸರು, ತಲೆ ತುಂಬ ಹತ್ತಿಯ ಧೂಳು. ಲಿಂಗಮ್ಮ ನಿಮ್ಮನ್ನು ಕೆಣಕಿದಳು, ‘ಸಾರ್, ಬರೀ ಬುಕ್ಕು ಓದ್ತಾ ಇರ್ತೀರಲ್ಲ, ಅದ್ರಲ್ಲಿ ಏನೈತೆ ಅಂತ ನಮಗೂ ಒಸಿ ಹೇಳಿ’ ಎಂದು. ನೀವು ಹೇಳಿದಿರಿ.

ದೂರದ ಐರ್ಲೆಂಡು. ಅಲ್ಲೊಂದು ಹಳ್ಳಿ. ಹಳ್ಳಿಯ ಪಕ್ಕದಲ್ಲೇ ದೊಡ್ಡ ಜೌಗು, ಕಾಲಿಟ್ಟರೆ ಎಳೆದುಕೊಳ್ಳುವಂಥದ್ದು. ಗಂಡನನ್ನು ಆ ಜೌಗಿಗೆ ಕೊಟ್ಟ ಒಬ್ಬ ಹೆಂಗಸು. ಮಗ ಅದೇ ಜೌಗಿನ ದಾರಿಯಲ್ಲಿ ಹೋಗಿದ್ದಾನೆ, ಬಂದಿಲ್ಲ. ಅವಳು ಒಲೆಯ ಮೇಲೆ ರೊಟ್ಟಿ ಇಟ್ಟು ಕೂತಿದ್ದಾಳೆ. ನೆರೆಯವರು ಒಬ್ಬೊಬ್ಬರಾಗಿ ಬಂದು ಒಂದೊಂದು ಸುದ್ದಿ ಹೇಳುತ್ತಾರೆ. ಸಂತೆಯಲ್ಲಿ ಕಂಡೆ ಎನ್ನುತ್ತಾನೆ ಒಬ್ಬ. ಅವನ ಟೊಪ್ಪಿ ಕಂಡೆ ಎನ್ನುತ್ತಾಳೆ ಇನ್ನೊಬ್ಬಳು. ಮಾತಿನ ನಡುವೆ ಒಂದು ಕೋಳಿ ಯಾರದು ಎಂದು ಅವರವರಲ್ಲೇ ಜಗಳ. ನಾವೆಲ್ಲ ನಕ್ಕೆವು. ಆಮೇಲೆ ನಾಲ್ಕು ಜನ ಗಂಡಸರು ಅವಳ ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಅವನನ್ನು ಮಲಗಿಸಿ ಹೊತ್ತು ತಂದರು ಎಂದಿರಿ. ನಮ್ಮ ನಗು ಬಾಯಲ್ಲೇ ಉಳಿಯಿತು.

ಆ ನಾಟಕ ಬರೆದವನ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ. ನೂರು ವರ್ಷದ ಹಿಂದಿನವನು, ಹಳ್ಳಿಯ ಒಲೆಗಳ ಮುಂದೆ ಕೂತು ಜನರ ಮಾತು ಕೇಳಿಸಿಕೊಂಡು ಬರೆದವನು ಎಂದಿರಿ. ಲಿಂಗಮ್ಮ ಅವನಿಗೆ ಐರ್ಲೆಂಡಪ್ಪ ಎಂದು ಹೆಸರಿಟ್ಟಳು. ಮರುದಿನ ಬೆಳಿಗ್ಗೆ ಪಾಳಿಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ‘ನಮ್ಮನೆ ಬಾಗಿಲು ನೋಡ್ಕೊಂಡೇ ಮಲಗಿದ್ದೆ ಕಣೇ, ಇದರ ಮೇಲೆ ಯಾರನ್ನ ತರ್ತಾರೋ ಅಂತ’ ಎಂದಳು. ಅವತ್ತೇ ನಾವು ಹನ್ನೊಂದು ಜನ ನಿಮ್ಮ ಮೇಜಿನ ಮುಂದೆ ನಿಂತು, ಈ ನಾಟಕ ಮಾಡೋಣ ಎಂದೆವು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ನಿನ್ನೆ ಭಾನುವಾರ ನಿಮ್ಮ ಮೊಮ್ಮಗಳು ಅನಘಾ ಮನೆ ಹುಡುಕಿಕೊಂಡು ಬಂದಿದ್ದಳು. ಬಸವೇಶ್ವರನಗರದಲ್ಲಿ ಏಳೆಂಟು ಜನ ಗೆಳೆಯರು ಸೇರಿ ನಾಟಕ ಆಡುತ್ತಾರಂತೆ. ಅವಳ ಕೈಯಲ್ಲಿ ನಿಮ್ಮ ನೋಟ್‌ಬುಕ್ ಇತ್ತು, ನೀವು ಕನ್ನಡಕ್ಕೆ ತಂದ ಅದೇ ನಾಟಕ. ಕೊನೆಯ ಪುಟ ತೆಗೆದು ತೋರಿಸಿದಳು. ಮಗನನ್ನು ಬಾಗಿಲ ಮೇಲೆ ತಂದು ಇಳಿಸುತ್ತಾರೆ ಎಂದಿದೆ. ಅದರ ಕೆಳಗೆ ನಿಮ್ಮ ಅಕ್ಷರದಲ್ಲಿ ಎರಡೇ ಪದ: ಇಲ್ಲಿ ಬೋರಮ್ಮ. ಮುಂದೆ ಖಾಲಿ.

‘ಅಜ್ಜಿ, ಇಲ್ಲಿ ನೀವು ಏನ್ ಹೇಳ್ತಿದ್ರಿ?’ ಎಂದು ಕೇಳಿದಳು.

ಮರೆತುಹೋಯಿತು ಕಣವ್ವ ಎಂದೆ. ಕಾಫಿ ಕೊಟ್ಟು ಕಳಿಸಿದೆ. ಮರೆತಿಲ್ಲ ಸಾರ್. ಹುಡುಗಿಗೆ ಸುಳ್ಳು ಹೇಳಿದೆ, ನಿಮಗೆ ನಿಜ ಹೇಳುತ್ತೇನೆ. ನಾನು ಅದನ್ನು ಕೊಡುವುದಿಲ್ಲ.

ಗಂಟಲಿನ ಆಪರೇಷನ್ ಆಗಿ ನಿಮ್ಮ ಧ್ವನಿ ಹೋಯಿತೆಂದು ಅವಳು ಹೇಳಿದಳು. ಕೇಳಿ ಸಂಕಟವಾಯಿತು. ನನ್ನ ಕಿವಿಯನ್ನು ಮಿಲ್ಲಿನ ಯಂತ್ರಗಳು ತಿಂದು ಬಹಳ ವರ್ಷವಾಯಿತು. ಪಕ್ಕದಲ್ಲಿ ಕೂತು ಗಟ್ಟಿಯಾಗಿ ಹೇಳಿದರೆ ಕೇಳುತ್ತದೆ, ಫೋನಿನಲ್ಲಿ ಏನೂ ಕೇಳದು. ನೀವು ಮಾತಾಡಲಾರಿರಿ, ನಾನು ಕೇಳಲಾರೆ. ಅಂಚೆಯವನೇ ನಮಗೆ ಗತಿ.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಬೋರಮ್ಮ


ಕೆಂಗೇರಿ ಉಪನಗರ
18 ಜೂನ್ 2025

ಬೋರಮ್ಮನವರಿಗೆ ಶರಣು.

ಮೂವತ್ತೇಳು ವರ್ಷದ ಮೇಲೆ ನಿಮ್ಮ ಕೈಬರಹ ಕಂಡೆ. ಸಂಬಳದ ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ‘ಬೋ’ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆಯುತ್ತಿದ್ದಿರೋ ಈಗಲೂ ಅಷ್ಟೇ ದೊಡ್ಡದಾಗಿ ಬರೆಯುತ್ತೀರಿ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಅನಘಾ ಆ ನೋಟ್‌ಬುಕ್ಕನ್ನು ನನಗೆ ಓದಿ ಹೇಳಿದಳು. ಧ್ವನಿ ಇರುವವರೆಗೆ ನಾನು ಅದನ್ನು ಸಾವಿನ ನಾಟಕ ಎಂದುಕೊಂಡಿದ್ದೆ. ಧ್ವನಿ ಹೋದ ಮೇಲೆ ಕೇಳಿದಾಗ ಬೇರೆಯೇ ಅನಿಸಿತು. ಆ ನೆರೆಯವರು ಯಾಕೆ ಅಷ್ಟು ಮಾತಾಡುತ್ತಾರೆ? ಅವರೆಲ್ಲರಿಗೂ ಗೊತ್ತು, ಹುಡುಗ ಬರುವುದಿಲ್ಲವೆಂದು. ಆದರೂ ಸಂತೆ, ಟೊಪ್ಪಿ, ಕೋಳಿ ಎಂದು ಏನಾದರೊಂದು ಆಡುತ್ತಲೇ ಇರುತ್ತಾರೆ. ಮಾತು ನಡೆಯುತ್ತಿರುವಷ್ಟು ಹೊತ್ತು ಹುಡುಗ ಬದುಕಿರುತ್ತಾನೆ. ಮಾತು ನಿಂತ ಕೂಡಲೇ ಹೆಣ ಒಳಗೆ ಬರುತ್ತದೆ. ಐರ್ಲೆಂಡಪ್ಪ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ನೂರು ವರ್ಷವಾದರೂ ಆ ನಾಟಕ ಹಳತಾಗದಿರುವುದು ಇದಕ್ಕೇ ಇರಬೇಕು. ಹಳ್ಳಿಯವರನ್ನು ಅವನು ಅಯ್ಯೋ ಪಾಪ ಎಂದು ನೋಡಲಿಲ್ಲ. ಅವರ ಮಾತಿಗೆ ಕಿವಿ ಕೊಟ್ಟ, ಅಷ್ಟೇ.

ನಿಮಗೆ ನೆನಪಿದೆಯೋ ಇಲ್ಲವೋ, ನನ್ನ ಮೊದಲ ಅನುವಾದದಲ್ಲಿ ಕೋಳಿಯ ಜಗಳವನ್ನು ಬಿಟ್ಟಿದ್ದೆ. ದುಃಖದ ನಡುವೆ ಕೋಳಿ ಯಾಕೆ, ಸಭ್ಯವಲ್ಲ ಎಂದುಕೊಂಡೆ. ಓದಿ ಮುಗಿಸಿದಾಗ ನೀವು ಕೇಳಿದಿರಿ, ‘ಕೋಳಿ ಎಲ್ಲೋಯ್ತು ಸಾರ್?’ ಎಂದು. ಎರಡು ಎಂ.ಎ. ಮಾಡಿದವನಿಗೆ ಗೊತ್ತಾಗದಿದ್ದದ್ದು ನಿಮಗೆ ಗೊತ್ತಾಗಿತ್ತು.

ಕೊನೆಯ ಮಾತೂ ಹಾಗೆಯೇ. ನಾನು ಬರೆದದ್ದು ಸಂತಾಪಸಭೆಯ ಭಾಷಣದಂತಿತ್ತು. ಹೀಗೆ ಯಾರೂ ಅಳುವುದಿಲ್ಲ ಎಂದು ನೀವು ಕೂತಲ್ಲೇ ನಿಮ್ಮದೇ ಮಾತು ಆಡಿದಿರಿ. ಹಾರ್ಮೋನಿಯಂ ನುಡಿಸುತ್ತಿದ್ದ ಬೈರಯ್ಯ ಕೈ ನಿಲ್ಲಿಸಿಬಿಟ್ಟ. ನಾನು ನನ್ನದನ್ನು ಹರಿದು ಹಾಕಿ ಆ ಎರಡು ಪದ ಬರೆದುಕೊಂಡೆ. ನಿಮ್ಮ ಮಾತನ್ನು ಬರೆದಿಟ್ಟುಕೊಳ್ಳಬೇಕಿತ್ತು. ನೀವು ಯಾವಾಗಲೂ ಇರುತ್ತೀರಿ, ಬರೆಯುವುದೇಕೆ ಅನಿಸಿತ್ತು.

ಆ ಮಕ್ಕಳು ಚೆನ್ನಾಗಿ ಆಡುತ್ತಾರೆ ಬೋರಮ್ಮನವರೇ. ಆದರೆ ಕೊನೆಯ ಪುಟವಿಲ್ಲದೆ ಅವರ ನಾಟಕ ಬಾಗಿಲಲ್ಲೇ ನಿಂತಿದೆ. ದಯವಿಟ್ಟು ಇನ್ನೊಮ್ಮೆ ಯೋಚಿಸಿ.

ನಿಮ್ಮ ವಿಶ್ವಾಸಿ,
ಬಸವಲಿಂಗಪ್ಪ


ಮಾರೇನಹಳ್ಳಿ
30 ಜೂನ್ 2025

ಸಾರ್,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕೋಳಿ ಇದೆ, ಬೈರಯ್ಯ ಇದ್ದಾನೆ, ಐರ್ಲೆಂಡಪ್ಪ ಇದ್ದಾನೆ. ನನ್ನ ಮಗನ ಹೆಸರು ಎಲ್ಲೂ ಇಲ್ಲ.

ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ. ಚನ್ನಕೇಶವ. ಮನೆಯಲ್ಲಿ ಕೇಶು. ಇಪ್ಪತ್ತು ವರ್ಷ. ನಾಯಂಡಹಳ್ಳಿಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಮಾತು ತೊದಲುತ್ತಿತ್ತು. ಅದಕ್ಕೇ ಜನರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನಾನು ನಾಟಕಕ್ಕೆ ಹೊರಟಾಗಲೆಲ್ಲ ಹಿಂದೆಯೇ ಬಂದು ಗೋಡೆ ಒರಗಿ ಕೂರುತ್ತಿದ್ದ. ಒಂದು ದಿನ ನಾನೇ ನಿಮ್ಮನ್ನು ಕೇಳಿದೆ, ‘ನನ್ನ ಮಗನಿಗೂ ಒಂದು ಪಾರ್ಟು ಕೊಡಿ ಸಾರ್’ ಎಂದು. ನೀವು ಯೋಚನೆ ಮಾಡುತ್ತಿದ್ದಿರಿ. ಮಾತಿಲ್ಲದ ಪಾರ್ಟು ಒಂದಿದೆಯಲ್ಲ ಎಂದವಳೂ ನಾನೇ. ಹೆತ್ತವಳು ಬಾಯಿಬಿಟ್ಟು ಮಗನಿಗೆ ಹೆಣದ ಪಾರ್ಟು ಕೇಳಿ ಇಸಿದುಕೊಂಡಳು.

ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಮನೆಯಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ ಅಭ್ಯಾಸ ಮಾಡುತ್ತಿದ್ದ. ನನ್ನ ಮಗಳು ಸುಮಾ ಆಗ ಚಿಕ್ಕವಳು, ಅವನ ಅಂಗಾಲಿಗೆ ಕಚಗುಳಿ ಇಟ್ಟು ನಗಿಸಲು ನೋಡುತ್ತಿದ್ದಳು. ಒಂದು ಸಲವೂ ನಗಲಿಲ್ಲ.

ಬೈರಯ್ಯನ ಕಟ್ಟಳೆ ನಿಮಗೆ ಗೊತ್ತು. ನಾಟಕ ಕಂಪನಿಗಳಲ್ಲಿ ಇಪ್ಪತ್ತು ವರ್ಷ ಅಲೆದವನು, ಅಲ್ಲಿಂದ ತಂದದ್ದು. ಹೆಣವಾಗಿ ಮಲಗಿದವನು ಪರದೆ ಬಿದ್ದ ಮೇಲೆ ತಾನಾಗಿ ಏಳಬಾರದು. ಅವನ ಮೇಲೆ ಬಿದ್ದು ಅತ್ತವಳೇ ಭುಜ ಮುಟ್ಟಿ, ಮನೆಯಲ್ಲಿ ಕರೆಯುವ ಹೆಸರನ್ನು ಹಿಡಿದು ಮೂರು ಸಲ ಕರೆಯಬೇಕು. ಬಾಯಿಗೆ ಒಂದು ಚೂರು ಬೆಲ್ಲ ಹಾಕಬೇಕು. ಆಮೇಲೆ ಏಳಬೇಕು. ಅಭ್ಯಾಸದ ದಿನಗಳಲ್ಲಿ ಒಂದು ಸಲವೂ ನಾನು ತಪ್ಪಿಸಲಿಲ್ಲ. ನಾನು ಮೂರನೆಯ ಸಲ ಕರೆದು ಮುಗಿಸುವವರೆಗೆ ಅವನು ರೆಪ್ಪೆಯೂ ಅಲುಗಿಸುತ್ತಿರಲಿಲ್ಲ.

ನಾಟಕದ ದಿನ ಭಾನುವಾರ ಮಧ್ಯಾಹ್ನ. ಪರದೆ ಬಿತ್ತು. ಬೆಲ್ಲ ನನ್ನ ಸೆರಗಿನ ಗಂಟಿನಲ್ಲಿತ್ತು. ನಾನು ಅವನ ಭುಜದ ಕಡೆ ಕೈ ಚಾಚಿದ್ದೆ. ಅಷ್ಟರಲ್ಲಿ ನೀವು ಬಂದು ನನ್ನ ಕೈ ಹಿಡಿದಿರಿ. ಅತಿಥಿಗಳಿಗೆ ಅವಸರ, ಬನ್ನಿ ಬನ್ನಿ ಎಂದು ಪರದೆಯ ಮುಂದಕ್ಕೆ ಎಳೆದುಕೊಂಡು ಹೋದಿರಿ. ಶಾಲು ಹೊದಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೂ ಅದು ಹಿತವಾಗಿತ್ತು ಸಾರ್, ಸುಳ್ಳು ಯಾಕೆ ಹೇಳಲಿ. ನಾನು ಒಳಗೆ ಬಂದಾಗ ಅವನು ಎದ್ದು ಟೀ ಕುಡಿಯುತ್ತ ನಿಂತಿದ್ದ.

ಹದಿನಾರನೆಯ ದಿನ ಮಳೆ ಬಂತು. ನಾಯಂಡಹಳ್ಳಿಯಲ್ಲಿ ವೃಷಭಾವತಿ ಹೊಳೆ ಸೇತುವೆಯ ಮೇಲೆ ಹರಿಯಿತು. ಅವನು ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ. ಸೈಕಲ್ಲು ಸಿಕ್ಕಿತು, ಅದಕ್ಕೆ ಕಟ್ಟಿದ್ದ ಊಟದ ಡಬ್ಬಿಯೂ ಸಿಕ್ಕಿತು.

ಒಂಬತ್ತು ದಿನ ಹುಡುಕಿದರು. ಆ ಒಂಬತ್ತು ದಿನ ನಮ್ಮ ಬೀದಿಯವರು ಒಬ್ಬೊಬ್ಬರಾಗಿ ಬಂದು ಒಂದೊಂದು ಸುದ್ದಿ ಹೇಳಿದರು. ಕೆಂಗೇರಿಯ ಹತ್ತಿರ ಷರಟು ಕಂಡಿತಂತೆ. ಬಿಡದಿಯಲ್ಲಿ ಬಸ್ಸು ಹತ್ತಿದ್ದನ್ನು ಯಾರೋ ನೋಡಿದರಂತೆ. ಅವರ ನಡುವೆ ನಲ್ಲಿಯ ನೀರಿನ ಸರದಿ ಯಾರದು ಎಂದು ಜಗಳವೂ ಆಯಿತು. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಐರ್ಲೆಂಡಪ್ಪ ನಮ್ಮ ಬೀದಿಗೆ ಯಾವಾಗ ಬಂದಿದ್ದ ಅನಿಸಿತು. ಆದರೆ ಅವನ ನಾಟಕದಲ್ಲಿ ಕೊನೆಗೆ ಬಾಗಿಲ ಮೇಲೆ ಹೊತ್ತು ತರುತ್ತಾರೆ. ನನಗೆ ಅದೂ ಇಲ್ಲ.

ಬೆಲ್ಲಕ್ಕೂ ಹೊಳೆಗೂ ಸಂಬಂಧವಿಲ್ಲ ಎಂದು ಬುದ್ಧಿಗೆ ಗೊತ್ತು. ಆದರೂ ನಾನು ಹಾಲು-ತುಪ್ಪ ಬಿಡಲಿಲ್ಲ. ಅವರಪ್ಪ ಬದುಕಿದ್ದಾಗ ಕೈ ಮುಗಿದು ಕೇಳಿದರು, ಆಗಲೂ ಬಿಡಲಿಲ್ಲ. ಅವನ ಫೋಟೊಗೆ ಇವತ್ತಿಗೂ ಹಾರವಿಲ್ಲ. ಸುಮಾ ವರ್ಷಕ್ಕೊಂದು ಸಲ ಕೇಳುತ್ತಾಳೆ, ‘ಅಮ್ಮ, ಈ ವರ್ಷನಾದ್ರೂ ಹಾರ ಹಾಕೋಣ್ವಾ?’ ಇನ್ನೂ ಕರೆದಿಲ್ಲ, ಇರು ಎನ್ನುತ್ತೇನೆ. ಅವಳು ಎದ್ದು ಒಳಗೆ ಹೋಗುತ್ತಾಳೆ.

ಅವನು ಆ ಬಾಗಿಲ ಮೇಲೆ ಇನ್ನೂ ಮಲಗಿದ್ದಾನೆ ಸಾರ್. ಆ ಮಾತನ್ನು ನಾನು ಇನ್ನೊಂದು ಸಲ ಯಾರ ಮೇಲೆ ಆಡಲಿ?

ಬೋರಮ್ಮ


ಕೆಂಗೇರಿ ಉಪನಗರ
8 ಜುಲೈ 2025

ಬೋರಮ್ಮನವರೇ,

ನಿಮ್ಮ ಕಾಗದ ಓದಿದೆ. ನಿಮಗೆ ಒಂದು ವಿಷಯ ಗೊತ್ತಿಲ್ಲ. ಅವತ್ತು ನೀವು ಪರದೆಯ ಮುಂದೆ ನಿಂತಿದ್ದಾಗ ನಾನು ಒಳಗೆ ಹೋದೆ. ಕಟ್ಟಳೆ ನನಗೂ ನೆನಪಿತ್ತು. ಚನ್ನಕೇಶವನ ಭುಜ ಮುಟ್ಟಿ ಮೂರು ಸಲ ಕರೆದೆ. ಬಾಯಿಗೆ ಬೆಲ್ಲವನ್ನೂ ಹಾಕಿದೆ. ಅವನು ನಗುತ್ತ ಎದ್ದ. ಇದನ್ನು ನಿಮಗೆ ಆಗಲೇ ಹೇಳಬೇಕಿತ್ತು, ಗಡಿಬಿಡಿಯಲ್ಲಿ ಹೇಳಲಿಲ್ಲ. ಆಮೇಲೆ ನೀವು ನನ್ನ ಮುಖ ನೋಡಲಿಲ್ಲ.

ಅವನನ್ನು ಕರೆದಾಗಿದೆ. ನೀವು ಸಮಾಧಾನ ಮಾಡಿಕೊಳ್ಳಿ.

ಬಸವಲಿಂಗಪ್ಪ


ಮಾರೇನಹಳ್ಳಿ
12 ಜುಲೈ 2025

ಸಾರ್,

ಬೆಲ್ಲ ನನ್ನ ಸೆರಗಿನಲ್ಲಿತ್ತು. ಆ ಗಂಟನ್ನು ನಾನು ಬಿಚ್ಚಿಲ್ಲ. ಸೀರೆ ಟ್ರಂಕಿನ ತಳದಲ್ಲಿದೆ, ನಿಮ್ಮ ಕಾಗದ ಬಂದ ಮೇಲೆ ತೆಗೆದು ನೋಡಿದೆ. ಬೆಲ್ಲ ಕರಗಿ ಕಪ್ಪಾಗಿ ಬಟ್ಟೆಗೆ ಅಂಟಿಕೊಂಡಿದೆ, ಆದರೆ ಗಂಟು ಗಂಟಾಗಿಯೇ ಇದೆ.

ನನಗೆ ಸಮಾಧಾನ ಹೇಳಿದವರು ಇಷ್ಟು ವರ್ಷದಲ್ಲಿ ಬಹಳ ಜನ. ಅವರ ಸಾಲಿನಲ್ಲಿ ನೀವು ಬಂದು ನಿಲ್ಲಬೇಡಿ. ಟೊಪ್ಪಿ ಕಂಡೆ ಎಂದು ಹೇಳಿ ಹೋಗುವ ನೆರೆಯವರ ಪಾರ್ಟು ನಿಮಗೆ ಒಪ್ಪುವುದಿಲ್ಲ.

ನಿಜ ಬರೆಯುವುದಾದರೆ ಬರೆಯಿರಿ. ಇಲ್ಲವಾದರೆ ಕಾಗದ ಬೇಡ.

ಬೋರಮ್ಮ


ಕೆಂಗೇರಿ ಉಪನಗರ
3 ಸೆಪ್ಟೆಂಬರ್ 2025

ಬೋರಮ್ಮನವರಿಗೆ,

ಏಳು ವಾರ ತೆಗೆದುಕೊಂಡೆ. ಈ ನಡುವೆ ಗಂಟಲಿನ ಗಡ್ಡೆ ಮತ್ತೆ ಬೆಳೆದಿದೆ ಎಂದು ಡಾಕ್ಟರು ಹೇಳಿದರು. ಅಕ್ಟೋಬರ್ ಹದಿನೇಳು, ಶುಕ್ರವಾರ, ಇನ್ನೊಂದು ಆಪರೇಷನ್. ಅದಕ್ಕೆ ಮೊದಲು ಇದನ್ನು ಬರೆಯಬೇಕು.

ನಾನು ಕರೆಯಲಿಲ್ಲ. ನಿಮಗೆ ಶಾಲು ಹೊದಿಸಿದ ಮೇಲೆ, ಅತಿಥಿಗಳಿಗೆ ಕೊಡಬೇಕಾದ ಹಣ್ಣಿನ ತಟ್ಟೆ ತರಲು ಒಳಗೆ ಹೋದೆ. ರಂಗದ ಮೇಲೆ ಯಾರೂ ಇರಲಿಲ್ಲ. ಅವನೊಬ್ಬನೇ ಬಾಗಿಲ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಎದ್ದೇಳಪ್ಪ, ಮುಗಿಯಿತು ಎಂದೆ. ಅವನು ಏಳಲಿಲ್ಲ. ಕಣ್ಣು ತೆರೆಯದೆ ಕೇಳಿದ:

‘ಅವ್ವ ಬರ್ಲಿಲ್ವಾ ಸಾರ್?’

ಅವ್ವ ದೊಡ್ಡವರ ಜೊತೆ ಇದ್ದಾಳೆ, ನೀನು ಎದ್ದೇಳು, ಸಾಮಾನು ತೆಗೆಯಬೇಕು ಎಂದೆ. ಆಗಲೂ ಅವನು ಏಳಲಿಲ್ಲ. ಕಾಯುತ್ತ ಮಲಗಿದ್ದ. ಹೊರಗೆ ನಿಮಗೆ ಚಪ್ಪಾಳೆ ಬೀಳುತ್ತಲೇ ಇತ್ತು. ನನಗೆ ತಾಳ್ಮೆ ತಪ್ಪಿತು. ಕೈಯಲ್ಲಿ ತಟ್ಟೆ ಇತ್ತು, ಬಾಗಿಲಿನ ಅಂಚನ್ನು ಕಾಲಿನಿಂದ ಒದ್ದು, ಏಳೋ ಎಂದು ಗದರಿದೆ. ಅವನು ತಾನಾಗಿಯೇ ಎದ್ದು ಕೂತ. ಮುಖದ ಪೌಡರು ಒರೆಸಿಕೊಂಡ. ನನ್ನನ್ನು ನೋಡಿ ನಕ್ಕ.

‘ಅವ್ವಂಗೆ ಹೇಳ್ಬೇಡಿ ಸಾರ್. ಮರೆತುಬಿಟ್ಟೆ ಅಂತ ನೊಂದ್ಕೋತಾಳೆ.’

ಈ ಎರಡು ಮಾತು ಆಡುವಾಗ ಅವನು ತೊದಲಲಿಲ್ಲ.

ಅವನು ಹೇಳಬೇಡಿ ಎಂದನೆಂದು ನಾನು ಹೇಳಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನಾನು ಕಾಲಿನಿಂದ ಒದ್ದದ್ದನ್ನು ಹೇಳಲು ಆಗಲಿಲ್ಲ, ಅದು ಉಳಿದ ಅರ್ಧ. ಅವನ ಸೈಕಲ್ಲು ಸಿಕ್ಕಿತೆಂದು ಕೇಳಿದ ದಿನದಿಂದ ನಾನು ಒಂದು ನಾಟಕವನ್ನೂ ಮಾಡಿಸಲಿಲ್ಲ. ಜನ ಕೇಳಿದರೆ, ಮಿಲ್ಲು ಮುಚ್ಚಿತು, ತಂಡ ಚದುರಿತು ಎನ್ನುತ್ತಿದ್ದೆ.

ಕೊನೆಯ ಪುಟವನ್ನು ಇನ್ನು ನಾನು ಕೇಳುವುದಿಲ್ಲ. ಕೇಳುವ ಹಕ್ಕು ನನಗಿಲ್ಲ.

ಬಸವಲಿಂಗಪ್ಪ


ಮಾರೇನಹಳ್ಳಿ
14 ಅಕ್ಟೋಬರ್ 2025

ಬಸವಲಿಂಗಪ್ಪ ಸಾರ್ ಅವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಓದಿ, ಮಡಿಸಿ, ರಾಗಿ ಹಿಟ್ಟಿನ ಡಬ್ಬದ ಕೆಳಗೆ ಇಟ್ಟೆ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಒದ್ದದ್ದಕ್ಕಲ್ಲ. ಅವನ ಎರಡು ಮಾತನ್ನು ಇಷ್ಟು ವರ್ಷ ನೀವು ಇಟ್ಟುಕೊಂಡದ್ದಕ್ಕೆ. ಅವು ನನ್ನವು ಸಾರ್. ಅವನದು ಎಂದು ಒಂದು ಕೂದಲೂ ಸಿಗದವಳಿಗೆ ಎರಡು ಮಾತು ಎಷ್ಟು ದೊಡ್ಡದು ಎಂದು ನಿಮಗೆ ಹೊಳೆಯಲಿಲ್ಲವಲ್ಲ.

ಆಮೇಲೆ ಆ ಮಾತುಗಳನ್ನೇ ತಿರುಗಾಮುರುಗಾ ನೋಡಿದೆ. ಮುದ್ದೆ ತೊಳಸುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಅವನು ನನಗಾಗಿ ಕಾದಿದ್ದ. ಇದನ್ನು ತಿಳಿದು ಸಮಾಧಾನವಾಯಿತೆಂದು ನೀವು ತಿಳಿಯಬೇಡಿ. ಮೊದಲಿಗಿಂತ ಹೆಚ್ಚು ಸುಡುತ್ತದೆ. ಆದರೆ ಇಷ್ಟು ದಿನ ಏನು ಸುಡುತ್ತಿದೆ ಎಂದು ಗೊತ್ತಿರಲಿಲ್ಲ, ಈಗ ಗೊತ್ತು.

ಮೊನ್ನೆ ಭಾನುವಾರ ಸುಮಾಳನ್ನು ಕರೆದುಕೊಂಡು ಬಸವೇಶ್ವರನಗರಕ್ಕೆ ಹೋದೆ. ಯಾರದೋ ಮನೆಯ ಮಹಡಿ, ಮೇಲೆ ಶೀಟು ಹೊದಿಸಿದ್ದಾರೆ, ಮಧ್ಯಾಹ್ನದ ಬಿಸಿಲಿಗೆ ಒಳಗೆ ಬೇಯುತ್ತಿತ್ತು. ರೇವಂತ್ ಎಂಬ ಹುಡುಗ ಒಂದು ಹಳೆಯ ಬಾಗಿಲ ಮೇಲೆ ಮಲಗಿದ್ದ. ಗೌತಮ್ ಎಂಬುವನು, ನನಗೂ ಕೇಳುವಷ್ಟು ಗಟ್ಟಿಯಾಗಿ, ಅವನನ್ನು ರೇಗಿಸುತ್ತಿದ್ದ.

‘ಮಗಾ, ಉಸಿರಾಡ್ಬೇಡ, ಹೊಟ್ಟೆ ಕಾಣ್ಸತ್ತೆ.’

‘ಉಸಿರಾಡ್ದೇ ಇದ್ರೆ ಎರಡನೇ ಶೋಗೆ ಬೇರೆ ಹೆಣ ಹುಡುಕ್ಬೇಕು ಗುರು.’

ನನ್ನನ್ನು ಕಂಡು ಅನಘಾ ಕಣ್ಣಿನಲ್ಲೇ ಅವರನ್ನು ಸುಮ್ಮನಾಗಿಸಿದಳು. ಸುಮ್ಮನಾಗಬೇಡಿ, ಹಾಗೆಯೇ ಆಡಿಕೊಳ್ಳಿ, ಐರ್ಲೆಂಡಪ್ಪನಿಗೆ ಅದೇ ಬೇಕಾಗಿದ್ದದ್ದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆಗ ಕೂತು ಮೊದಲಿನಿಂದ ಹೇಳಿದೆ. ಕ್ಯಾಂಟೀನು, ಲಿಂಗಮ್ಮ, ಕೋಳಿ, ಬೈರಯ್ಯನ ಕಟ್ಟಳೆ, ಮಳೆ, ಸೈಕಲ್ಲು. ನಿಮ್ಮ ಕಾಗದದಲ್ಲಿದ್ದ ಅವನ ಎರಡು ಮಾತೂ ಹೇಳಿದೆ. ನಿಮ್ಮ ಕಾಲಿನ ವಿಷಯ ಹೇಳಲಿಲ್ಲ. ಅದು ನಿಮಗೂ ನನಗೂ ಇರಲಿ.

ತಾಯಿಯ ಪಾರ್ಟು ಮಾಡುವವಳು ಕವನಾ, ಬ್ಯಾಂಕಿನಲ್ಲಿ ಕೆಲಸ. ಅವಳು ಎದ್ದು ತನ್ನ ಜಾಗವನ್ನು ನನಗೆ ಬಿಟ್ಟಳು. ರೇವಂತ್ ಕಣ್ಣು ಮುಚ್ಚಿ ಮಲಗಿದ. ಎಲ್ಲ ಮರೆತಂತಿತ್ತು, ಹತ್ತಿರ ಕೂತ ಕೂಡಲೇ ಬಾಯಿಗೆ ಬಂತು:

‘ಎಲ್ಲಾರೂ ನಿನ್ನ ಸುದ್ದಿ ತಂದ್ರು ಕಣೋ ಮಗ, ನಿನ್ನ ಯಾರೂ ತರ್ಲಿಲ್ಲ. ಈಗ ನಿನ್ನ ತಂದವ್ರೆ, ಹೇಳಾಕೆ ಒಂದು ಸುದ್ದೀನೂ ಇಲ್ಲ. ಮುದ್ದೆ ಆರೋಯ್ತು. ಇನ್ನು ಮುದ್ದೆ ಕಟ್ಟೋವಾಗ ಕೈ ತಡೀಬೇಕು, ಒಂದು ಕಮ್ಮಿ ಕಟ್ಬೇಕು. ಬಾಗಿಲ ಕಿತ್ತು ಅದ್ರ ಮ್ಯಾಲೆ ಮಲಗ್ಸವ್ರೆ. ಇವತ್ತು ಕತ್ತಲಾದ್ರೆ ನಾನು ಏನು ಹಾಕ್ಕೊಳ್ಳಲಿ ಮಗ? ಇರ್ಲಿ ಬಿಡು, ತೆರೆದೇ ಇರ್ಲಿ. ಇನ್ನು ಒಳೀಕೆ ಬರೋದು ಏನೈತೆ?’

ಇಷ್ಟೇ ಸಾರ್, ನಿಮ್ಮ ಕೊನೆಯ ಪುಟ.

ಟ್ರಂಕಿನಲ್ಲಿದ್ದ ಆ ಸೀರೆಯನ್ನೇ ಉಟ್ಟು ಹೋಗಿದ್ದೆ. ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಹುಡುಗನ ಭುಜ ಮುಟ್ಟಿ ಕರೆದೆ. ಕೇಶು ಎಂದೆ. ರೇವಂತ್ ಅಲುಗಲಿಲ್ಲ. ಕೇಶು ಎಂದೆ. ಮೂರನೆಯ ಸಲವೂ ಕರೆದೆ. ಶೀಟಿನ ಮೇಲೆ ಕಾಗೆ ನಡೆದಾಡುವ ಸದ್ದು ನನ್ನ ಕಿವಿಗೂ ಕೇಳಿತು. ಯಾರೂ ಏಳಲಿಲ್ಲ. ಅವನು ಏಳುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ ಸಾರ್. ಮೂವತ್ತೇಳು ವರ್ಷ ಜನ ಹೇಳಿದರು, ನಾನು ಕೇಳಿರಲಿಲ್ಲ. ಸುಮಾ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಆಮೇಲೆ ಆ ಹುಡುಗನನ್ನು ಹಾಗೆಯೇ ಬಿಡಬಾರದು ಎಂದು ನೆನಪಾಯಿತು.

‘ನಿನ್ನ ಮನೇಲಿ ಏನಂತ ಕರೀತಾರಪ್ಪ?’

ಕಣ್ಣು ಮುಚ್ಚಿಕೊಂಡೇ ಹೇಳಿದ, ‘ಚಿಂಟು ಅಂತಾರೆ ಅಜ್ಜಿ.’

ಯಾರೂ ನಗಲಿಲ್ಲ. ಮೂರು ಸಲ ಚಿಂಟು ಎಂದು ಕರೆದು, ಮನೆಯಿಂದ ತಂದಿದ್ದ ಹೊಸ ಬೆಲ್ಲವನ್ನು ಬಾಯಿಗೆ ಹಾಕಿದೆ. ಎದ್ದು ಕೂತ. ಬೆಲ್ಲವನ್ನು ಅಗಿಯದೆ ಬಾಯಲ್ಲೇ ಇಟ್ಟುಕೊಂಡಿದ್ದ. ಕವನಾ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನನ್ನ ಮಾತನ್ನು ಬರೆದುಕೊಂಡಳು. ನೀವು ಬರೆದಿದ್ದ ಎರಡು ಪದವನ್ನು ಹೊಡೆದು ಹಾಕಲಿಲ್ಲ, ಅದರ ಕೆಳಗೆ ಬರೆದಳು. ನಾಳೆ ಬೆಳಿಗ್ಗೆ ನಾಯಂಡಹಳ್ಳಿಗೆ ಹೋಗೋಣ ಎಂದು ನಾನು ಸುಮಾಳಿಗೆ ಹೇಳಿದ್ದನ್ನು ಅವರೂ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾವಿಬ್ಬರೂ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಇಳಿದಾಗ ಆ ತಂಡದ ಏಳೂ ಜನ ಕೆಳಗೆ ನಿಂತಿದ್ದರು. ಆಫೀಸಿನ ಬಟ್ಟೆ, ಹೆಗಲಲ್ಲಿ ಬ್ಯಾಗು, ಕೊರಳಲ್ಲಿ ಗುರುತಿನ ಚೀಟಿ. ಕವನಾ ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಗೌತಮ್ ಕೈಯಲ್ಲಿ ಒಂದು ಚಿಕ್ಕ ಸೀಸೆ ತುಪ್ಪ. ಯಾರೂ ಅವರನ್ನು ಬನ್ನಿ ಎಂದಿರಲಿಲ್ಲ. ಹೊಳೆಗೆ ಇಳಿಯಲು ಈಗ ದಾರಿಯಿಲ್ಲ, ಸೇತುವೆಯ ಪಕ್ಕಕ್ಕೆ ಜಾಲರಿ ಕಟ್ಟಿದ್ದಾರೆ. ಒಂದು ಕಡೆ ಜಾಲರಿ ಹರಿದಿತ್ತು, ಅಲ್ಲಿ ನಿಂತೆವು. ಕೆಳಗೆ ಕರಿನೀರು, ಮೇಲೆ ನೊರೆ, ಮೂಗು ಬಿಡಲಾಗದ ವಾಸನೆ. ಸುಮಾ ನನ್ನ ಕೈ ಹಿಡಿದುಕೊಂಡಳು. ಹಾಲು ಬಿಟ್ಟೆ. ತುಪ್ಪ ಬಿಟ್ಟೆ. ಮತ್ತೆ ಉಟ್ಟಿದ್ದ ಆ ಸೀರೆಯ ಸೆರಗಿಗೆ ಅಂಟಿದ್ದ ಕಪ್ಪು ಬೆಲ್ಲ ಬಿಡಿಸಿದರೆ ಬರಲಿಲ್ಲ. ಅನಘಾ ಬ್ಯಾಗಿನಿಂದ ಕತ್ತರಿ ತೆಗೆದು ಆ ತುದಿಯನ್ನು ಕತ್ತರಿಸಿ ಕೊಟ್ಟಳು. ಅದನ್ನೂ ಬಿಟ್ಟೆ. ನೊರೆಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಆಮೇಲೆ ಹೋಯಿತು.

ಹೊರಡುವ ಹೊತ್ತಿಗೆ ಗೌತಮ್ ನನ್ನ ಪಕ್ಕಕ್ಕೆ ಬಂದು, ಗಟ್ಟಿಯಾಗಿ, ‘ಅಜ್ಜಿ, ನನ್ನ ಮನೇಲಿ ಗೌಡ ಅಂತಾರೆ’ ಎಂದ. ನಾನೇನೂ ಅವನ ಹೆಸರು ಕೇಳಿರಲಿಲ್ಲ. ಕವನಾ ತನ್ನನ್ನು ಕುಟ್ಟಿ ಅಂತಾರೆ ಎಂದಳು. ಹೀಗೆ ಒಬ್ಬೊಬ್ಬರೂ ನನ್ನ ಕಿವಿಯ ಹತ್ತಿರ ಬಂದು ಮನೆಯ ಹೆಸರನ್ನು ಹೇಳಿ, ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋದರು. ಕೊನೆಗೆ ಉಳಿದವಳು ಅನಘಾ. ತನ್ನದನ್ನು ಹೇಳಿದ ಮೇಲೆ, ನಿಮ್ಮದನ್ನೂ ಹೇಳಿದಳು.

‘ಅಜ್ಜನ್ನ ಅವರವ್ವ ಗುಂಡ ಅಂತಿದ್ರಂತೆ.’

ಕಡ್ಡಿಯಂತಿದ್ದ ನಿಮಗೆ ಆ ಹೆಸರು ಯಾಕೆ ಇಟ್ಟರೋ ಆ ತಾಯಿ. ಶುಕ್ರವಾರ ಬರುತ್ತೇನೆ. ಡಾಕ್ಟರು ಮತ್ತಿನ ಮದ್ದು ಕೊಟ್ಟು ಮಲಗಿಸಿದ ಮೇಲೆ ನೀವಾಗಿಯೇ ಕಣ್ಣು ಬಿಡಬೇಡಿ, ನಾನು ಕರೆಯುವವರೆಗೆ ಕಾಯಿರಿ.

ಇಂತಿ,
ಬೋರಮ್ಮ